ದಕ್ಷಿಣ ಮರಾಠಾ ಸೀಮೆಯಲ್ಲಿ ತರುಣ ಮಿಶನರಿಯ ದಿನಚರಿ

೧

ಇಂದು ಹಿಪ್ಪರಗಿಯೆಂದೊಡನೆ ಕೃಷ್ಣೆಗೆ ಅಡ್ಡಲಾಗಿ ಕಟ್ಟಿರುವ ಬ್ಯಾರೇಜು ನೆನಪಿಗೆ ಬರುವುದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಈ ನದೀತೀರದ ಚಿತ್ರವೇ ಬೇರೆಯಾಗಿದ್ದಿತು. ೧೮೧೮ರಲ್ಲಿ ಪೇಶವೆಗಳ ಆಳಿಕೆ ಮುಗಿದ ಬಳಿಕ ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಬ್ರಿಟಿಷರ ಮೇಲಾಳಿಕೆಗೆ ಒಳಪಟ್ಟು ರಾಜ್ಯವಾಳುತ್ತಿದ್ದರು. ಬಾಗಿಲಕೋಟೆ, ಬಾದಾಮಿಗಳ ಕಡೆಯ ಊರುಗಳು ಮುಂಬಯಿ ಸರಕಾರದ ನೇರವಾದ ಆಡಳಿತದಲ್ಲಿದ್ದು ೧೮೬೪ರಲ್ಲಿ ಕಲಾದಗಿ ಜಿಲ್ಲೆಗೆ ಸೇರಿದುವು. ಕಚೇರಿಯ ಬರವಣಿಗೆ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಹೊಲದಲ್ಲಿ ಜೋಳ, ಹತ್ತಿ. ಊರೊಳಗೆ ಮಗ್ಗದ ಸದ್ದು. ರಬಕವಿ, ಬನಹಟ್ಟಿಗಳಿಂದ ಗುಳೇದಗುಡ್ಡ, ಇಳಕಲ್ಲುಗಳವರೆಗೆ ಈ ನಾಡು ನೇಕಾರರ ನಾಡು. ಇಂಗ್ಲಿಷ್ ಕಾಗದಪತ್ರಗಳು ಇದನ್ನೂ ಧಾರವಾಡ, ಬೆಳಗಾವಿಗಳನ್ನೂ ಕೂಡಿಸಿ ದಕ್ಷಿಣ ಮರಾಠಾ ಸೀಮೆಯೆಂದು ಕರೆದುವು. ಕನ್ನಡಿಗರು ಬಹುಕಾಲ ಈ ಹೆಸರನ್ನು ಹೊತ್ತುಕೊಂಡಿರಬೇಕಾಯಿತು.

ಈ ಸೀಮೆಗೆ ೧೮೩೭ರಿಂದ ಮುಂದೆ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘದವರು ತರುಣರನ್ನು ಕಳುಹಿಸುತ್ತ ಬಂದರು. ಆ ವರ್ಷ ಧಾರವಾಡದಲ್ಲಿಯೂ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ, ೧೮೪೧ರಲ್ಲಿ ಗದಗಿನ ಬಳಿಯ ಬೆಟಗೇರಿ ಮತ್ತು ಮಲ್ಲಸಮುದ್ರಗಳಲ್ಲಿಯೂ, ೧೮೫೧ರಲ್ಲಿ ಗುಳೇದಗುಡ್ಡದಲ್ಲಿಯೂ ಅವರ ಠಾಣ್ಯಗಳು ಸ್ಥಾಪಿತವಾದುವು. ಈ ಐದರಲ್ಲಿ ಕೃಷ್ಣಾತೀರದ ಹಿಪ್ಪರಗಿ–ಜಮಖಂಡಿಗಳಿಗೆ ಸಮೀಪವಾದುದು ಗುಳೇದಗುಡ್ಡವೇ; ಆದರೂ ನಡುವೆ ಘಟಪ್ರಭೆಯನ್ನು ದಾಟಿ ಹಲವು ದಿನ ಎತ್ತಿನ ಬಂಡಿಯಲ್ಲಿ ಹೋಗಬೇಕಾದ ದಾರಿ.

ಮೋಗ್ಲಿಂಗರ, ಕಿಟ್ಟೆಲರ ಗ್ರಂಥಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಆ ಗ್ರಂಥಗಳ ಹಿಂದೆ ಇದ್ದ ದಿನಗಳನ್ನು ಕುರಿತು ಬರೆದವರು ಕಡಮೆ. ಇಪ್ಪತ್ತೆರಡರ ಹರೆಯದ ಪರದೇಶದ ಹುಡುಗನೊಬ್ಬನು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದನು, ಯಾರೊಡನೆ ಮಾತಾಡುತ್ತಿದ್ದನು, ಎಲ್ಲಿ ಸೋಲುತ್ತಿದ್ದನು ಎಂಬುದನ್ನು ತಿಳಿದಲ್ಲದೆ ಆತನಿಂದ ನಮ್ಮ ನುಡಿಗೆ ಒದಗಿದ ಲಾಭದ ಕಾರಣವು ತಿಳಿಯದು. ಪ್ರಕೃತ ಲೇಖನದಲ್ಲಿ ಈ ವಿಷಯವನ್ನೇ ವಿಚಾರಿಸಲಾಗಿದೆ.

೨

ಮೊದಲು ಈ ತರುಣರು ಎಂಥವರೆಂಬುದನ್ನು ನೋಡೋಣ. ಬಾಸೆಲ್ ಮಿಶನ್ ಸಂಘವು ೧೮೧೫ರಲ್ಲಿ ಹುಟ್ಟಿತು. ಅದರ ಶಿಕ್ಷಣಶಾಲೆಯು ಮರುವರ್ಷ ತೆರೆಯಿತು. ವಿದ್ಯಾರ್ಥಿಗಳಲ್ಲಿ ಬಹುಮಂದಿ ನೆರೆಯ ವುರ್ಟೆಂಬೆರ್ಗ್ ಪ್ರಾಂತದ ಹಳ್ಳಿಗಳವರು, ಒಕ್ಕಲಿಗರ, ನೇಕಾರರ, ಬಡಗಿಗಳ, ಚಮ್ಮಾರರ ಮಕ್ಕಳು. ವಿಶ್ವವಿದ್ಯಾಲಯವನ್ನು ಕಂಡವರು ವಿರಳ. ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನೋದಿ ೧೮೩೬ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗರು ಆ ವಿರಳರಲ್ಲೊಬ್ಬರು. ಆಗ ಅವರಿಗೆ ಇಪ್ಪತ್ತೈದು ವರ್ಷ. ೧೮೫೩ರಲ್ಲಿ ಬಂದ ಫೆರ್ಡಿನಂಡ್ ಕಿಟ್ಟೆಲರು ಉತ್ತರ ಜರ್ಮನಿಯ ಸಮುದ್ರತೀರದ ಪಾದ್ರಿಯೊಬ್ಬರ ಮಗ, ಅವರಿಗೆ ಇಪ್ಪತ್ತೊಂದು.

ಶಾಲೆಯ ಕಟ್ಟುನಿಟ್ಟು ಸಾಮಾನ್ಯವಾದುದಲ್ಲ. ನಸುಕಿನಲ್ಲಿ ಏಳುವುದು, ಗೊತ್ತಾದ ಗಂಟೆಗೆ ಪ್ರಾರ್ಥನೆ, ಗ್ರೀಕ್, ಹೀಬ್ರೂ, ಇಂಗ್ಲಿಷ್ ಪಾಠಗಳು, ನಡುವೆ ತೋಟದ ಕೆಲಸ, ಮರಗೆಲಸ: ಹೀಗೆ ದಿನದ ಒಂದೊಂದು ಗಳಿಗೆಗೂ ಲೆಕ್ಕವಿದ್ದಿತು. ಸೇರಬಯಸಿದವನು ತನ್ನ ಬಾಳಿನ ವೃತ್ತಾಂತವನ್ನು ತಾನೇ ಬರೆದು ಒಪ್ಪಿಸಬೇಕು. ಕಲಿಯುವ ಕಾಲದಲ್ಲಿ ವಿವಾಹನಿಶ್ಚಯ ಕೂಡದು. ಕಾರ್ಯಕ್ಷೇತ್ರಕ್ಕೆ ಹೋಗಿ ಎರಡು ವರ್ಷ ಕಳೆಯುವವರೆಗೆ ಮದುವೆಯ ಮಾತೆತ್ತುವಂತಿಲ್ಲ. ಆಮೇಲೆಯೂ ಸಮಿತಿಯ ಅಪ್ಪಣೆ ಬೇಕು. ಹೀಗೆ ಪಳಗಿಸಿದ ತರುಣನು ಹಡಗು ಹತ್ತುವಾಗ ಅವನಿಗೆ ವಿಧೇಯತೆಯೇ ಎರಡನೆಯ ಸ್ವಭಾವವಾಗಿರುತ್ತಿದ್ದಿತು.

ಬ್ರಿಟಿಷರಲ್ಲದ ಮಿಶನರಿಗಳಿಗೆ ಹಿಂದೂದೇಶದ ಬಾಗಿಲು ತೆರೆದುದು ೧೮೩೩ರ ಚಾರ್ಟರ್ ಕಾಯಿದೆಯಿಂದ. ಬಾಸೆಲಿನ ಮೊದಲ ಮೂವರಾದ ಹೆಬಿಕ್, ಲೆನರ್, ಗ್ರೈನರ್ ಎಂಬವರು ೧೮೩೪ರ ಅಕ್ಟೋಬರ್ ೧೪ರಂದು ಕಲ್ಲಿಕೋಟೆಯಲ್ಲಿಳಿದು ಆ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಮಂಗಳೂರಿನಿಂದ ಘಟ್ಟವನ್ನೇರಿ ಧಾರವಾಡಕ್ಕೆ ಬಂದವರಿಗೆ ಎದುರಾದುದು ಮತ್ತೊಂದೇ ಲೋಕ: ತೆಂಗಿನ ನೆರಳಿಲ್ಲ, ಹೆಂಚಿನ ಮನೆಗಳಿಲ್ಲ; ಕಣ್ಣು ಹರಿಯುವಷ್ಟು ದೂರ ಎರೆಯ ಬಯಲು, ಮಣ್ಣಿನ ಮಾಳಿಗೆಯ ಮನೆಗಳು. ಆ ಪ್ರದೇಶಕ್ಕೆ ಉಗಿಬಂಡಿಯು ೧೮೮೦ರ ದಶಕದಲ್ಲಿ ಬಂದಿತು. ಅಲ್ಲಿಯವರೆಗೆ ಕಾಲ್ನಡಿಗೆ, ಕುದುರೆ, ಎತ್ತಿನ ಬಂಡಿಗಳೇ ಗತಿ.

೩

ತರುಣನ ಮೊದಲನೆಯ ವರ್ಷದ ದಿನಚರಿಯಲ್ಲಿ ಮುಖ್ಯವಾದುದು ಉಪದೇಶವಲ್ಲ, ಪಾಠ. ಬೆಳಗಿನ ಪ್ರಾರ್ಥನೆಯಾದ ಬಳಿಕ ಮುನ್ಶಿಯು ಬರುವನು. ಅಕ್ಷರದಿಂದ ತೊಡಗಿ ಕಾಗುಣಿತ, ಒತ್ತಕ್ಷರ, ಬಳಿಕ ಕಥೆಗಳು, ಬಳಿಕ ಕಾವ್ಯ. ಜರ್ಮನ್ ನಾಲಗೆಗೆ ನಮ್ಮ ಟ–ತಗಳ, ಣ–ನಗಳ, ಳ–ಲಗಳ ಭೇದವು ಸುಲಭಕ್ಕೆ ಒಗ್ಗುವುದಲ್ಲ. ಅವನು ಮನೆಯಿಂದ ತಂದ ಸಾಮಗ್ರಿಯೂ ಅಲ್ಪವೇ. ಬಳ್ಳಾರಿಯ ಲಂಡನ್ ಮಿಶನಿನವರಾದ ಜಾನ್ ಹ್ಯಾಂಡ್ಸರು ಮಾಡಿದ ಬೈಬಲಿನ ಭಾಷಾಂತರ, ೧೮೩೨ರಲ್ಲಿ ಪ್ರಕಟವಾದ ರೀವರ ನಿಘಂಟು: ಮೊದಲ ತಲೆಯವರಿಗೆ ಇವೇ ದೊಡ್ಡ ಆಧಾರಗಳು. ಈ ಪುಸ್ತಕಗಳು ಅಚ್ಚಾದುದು ಮದರಾಸು ಇಲಾಖೆಯಲ್ಲಿ. ತರುಣನು ಮಾತಾಡಬೇಕಾದುದು ಹುಬ್ಬಳ್ಳಿಯ ಪೇಟೆಯಲ್ಲಿ, ಗುಳೇದಗುಡ್ಡದ ನೇಕಾರರ ಓಣಿಯಲ್ಲಿ. ಪುಸ್ತಕದ ಮಾತು ಓಣಿಯಲ್ಲಿ ನಡೆಯದೆಂಬುದನ್ನು ಅವನು ಬಲುಬೇಗ ಕಲಿತನು. ಕಚೇರಿಯಲ್ಲಿ ಮರಾಠಿಯನ್ನು ಬಲ್ಲವನಿಗೆ ಮನ್ನಣೆಯಿದ್ದ ಆ ಕಾಲದಲ್ಲಿ ಈ ಪರದೇಶಿಯರು ಮಗ್ಗದವರ, ಒಕ್ಕಲಿಗರ ಕನ್ನಡವನ್ನು ಪಟ್ಟುಹಿಡಿದು ಕಲಿತುದು ಕನ್ನಡದ ಮೇಲಣ ಅಭಿಮಾನದಿಂದಲ್ಲ, ತಮ್ಮ ಕಾರ್ಯದ ಅಗತ್ಯದಿಂದ. ಅಗತ್ಯವೇ ಮುಂದೆ ಕೆಲವರಲ್ಲಿ ಅಭಿಮಾನವಾಗಿ ಬೆಳೆಯಿತು.

ಪಾಠದ ಬಳಿಕ ಶಾಲೆ. ಠಾಣ್ಯದ ಅಂಗಳದಲ್ಲಿಯೂ ಸುತ್ತಣ ಊರುಗಳಲ್ಲಿಯೂ ಮಿಶನಿನ ಕನ್ನಡ ಶಾಲೆಗಳಿದ್ದುವು. ಅವುಗಳ ಮೇಲ್ವಿಚಾರಣೆ ಕಿರಿಯನ ಪಾಲಿಗೆ. ನಡುಹಗಲಿನ ಬಿಸಿಲಿನಲ್ಲಿ ಓದು, ಬರಹ. ಇಳಿಹೊತ್ತಿನಲ್ಲಿ ಪೇಟೆಯ ಚಾವಡಿ, ಅಗಸೆಬಾಗಿಲು, ಸಂತೆಯ ಕಟ್ಟೆ ಇವುಗಳ ಬಳಿ ನಿಂತು ಉಪದೇಶ. ಜ್ವರಕ್ಕೆ, ಹುಣ್ಣಿಗೆ ಮದ್ದು ಕೇಳಿಕೊಂಡು ಬಂದವರಿಗೆ ತಿಳಿದಷ್ಟು ಮದ್ದು. ರಾತ್ರಿ ದೀಪದ ಮುಂದೆ ಲೆಕ್ಕಪತ್ರ, ಕಾಗದ, ವರದಿ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬಾಸೆಲಿಗೆ ವರದಿ ಹೋಗಲೇಬೇಕು. ಅಲ್ಲಿ ಕುಳಿತ ಸಮಿತಿಯವರು ಅದನ್ನೋದಿ ಮೆಚ್ಚುವರು, ಗದರಿಸುವರು, ಒಂದು ಠಾಣ್ಯದಿಂದ ಮತ್ತೊಂದಕ್ಕೆ ವರ್ಗಾಯಿಸುವರು. ೧೮೫೦ರಲ್ಲಿ ಮಿಶನಿನ ಮುಖ್ಯಾಧಿಕಾರಿಯಾದ ಯೋಸೆನ್ಹಾನ್ಸರು ೧೮೫೧–೫೨ರಲ್ಲಿ ತಾವೇ ಹಿಂದೂದೇಶಕ್ಕೆ ಬಂದು ಠಾಣ್ಯಗಳನ್ನೆಲ್ಲ ನೋಡಿ ಆಡಳಿತವನ್ನು ಇನ್ನಷ್ಟು ಬಿಗಿಮಾಡಿದರು.

ಋತುಗಳಿಗೆ ತಕ್ಕಂತೆ ಈ ಕ್ರಮವು ಬದಲಾಗುತ್ತಿದ್ದಿತು. ಮಳೆಗಾಲದಲ್ಲಿ ಎರೆಯ ಮಣ್ಣು ಬಂಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುವುದರಿಂದ ಠಾಣ್ಯದಲ್ಲಿಯೇ ವಾಸ. ಸುಗ್ಗಿಯ ಕಾಲ ಬಂದಿತೆಂದರೆ ಡೇರೆಯನ್ನೂ ಪುಸ್ತಕದ ಪೆಟ್ಟಿಗೆಯನ್ನೂ ಬಂಡಿಯಲ್ಲಿ ಹೇರಿಕೊಂಡು ಕನ್ನಡಿಗ ಉಪದೇಶಿಯೊಬ್ಬನೊಡನೆ ಊರೂರು ತಿರುಗುವುದು. ಬಾದಾಮಿಯ ಬನಶಂಕರಿ, ಸವದತ್ತಿಯ ಎಲ್ಲಮ್ಮ ಮುಂತಾದ ದೇವತೆಗಳ ಜಾತ್ರೆಗಳು ಈ ಸೀಮೆಯಲ್ಲಿ ನೆರೆಯುವುದೂ ಆ ಕಾಲದಲ್ಲಿಯೇ. ಸಾವಿರಾರು ಜನರು ಒಂದೆಡೆ ಸೇರುವ ಜಾತ್ರೆಯು ಮಿಶನರಿಗೆ ದೊರೆಯುವ ದೊಡ್ಡ ಸಭೆ. ಆದರೆ ಆ ಸಭೆ ನೆರೆದುದು ಅವನ ಮಾತನ್ನು ಕೇಳಲಿಕ್ಕಲ್ಲ.

೪

ಈ ಕಾರಣದಿಂದಲೇ ತರುಣನ ದಿನಚರಿಯು ಬಹುಮಟ್ಟಿಗೆ ಸೋಲಿನ ದಿನಚರಿ. ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಮತಾಂತರ ಹೊಂದಿದವರ ಸಂಖ್ಯೆ ದಶಕಗಳ ಕಾಲ ಅಲ್ಪವಾಗಿಯೇ ಇದ್ದಿತು. ಹೊಂದಿದವನಿಗೆ ಜಾತಿ ಹೋಯಿತು, ಮನೆ ಹೋಯಿತು, ಕಸುಬು ಹೋಯಿತು. ಅವನ ಹೊಟ್ಟೆಯ ಚಿಂತೆಯು ಮಿಶನಿನ ಮೇಲೆ ಬಿದ್ದಿತು. ಮಂಗಳೂರಿನಲ್ಲಿ ೧೮೫೧ರಲ್ಲಿ ನೇಯ್ಗೆಯ ಕಾರ್ಖಾನೆಯೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದುದಕ್ಕೆ ಈ ಚಿಂತೆಯು ಮುಖ್ಯ ಕಾರಣ. ೧೮೭೬–೭೮ರ ಭೀಕರ ಕ್ಷಾಮದಲ್ಲಿ ಕಲಾದಗಿ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿಯೇ ಅತಿಯಾಗಿ ನೊಂದ ಪ್ರದೇಶಗಳಲ್ಲೊಂದಾಯಿತು. ಆಗ ಉಪದೇಶಕ್ಕಿಂತ ಗಂಜಿಯೂ ಅನಾಥ ಮಕ್ಕಳ ಆರೈಕೆಯೂ ದಿನದ ಕೆಲಸವಾದುವು. ಹಸಿವಿನ ಕಾಲದಲ್ಲಿ ಸೇರಿದವರ ಸೇರ್ಪಡೆಯನ್ನು ಶ್ರದ್ಧೆಯ ಗೆಲವೆಂದು ಎಣಿಸಬಹುದೇ ಎಂಬ ಪ್ರಶ್ನೆಯನ್ನು ಇತಿಹಾಸಕಾರನು ಕೇಳದೆ ಬಿಡಲಾಗದು.

ರಾಜಕೀಯವೂ ಅವನನ್ನು ಬಿಡಲಿಲ್ಲ. ೧೮೫೭ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸುವ ಆಜ್ಞೆಯನ್ನು ಧಿಕ್ಕರಿಸಿ ಬ್ರಿಟಿಷರ ಗುಂಡಿಗೆ ಬಲಿಯಾದರು. ಮರುವರ್ಷ ನರಗುಂದದ ಬಾಬಾಸಾಹೇಬನು ದಂಗೆಯೆದ್ದನು. ಹಲಗಲಿಯ ಕಥೆಯು ಲಾವಣಿಯಾಗಿ ಜನರ ಬಾಯಲ್ಲುಳಿದು ಮುಂದೆ ಫ್ಲೀಟರ ಸಂಗ್ರಹದಲ್ಲಿ ಅಚ್ಚಾದುದು ವಾಚಕರಿಗೆ ತಿಳಿದೇ ಇದೆ. ಬಾಸೆಲಿನ ತರುಣನು ಇಂಗ್ಲಿಷನಲ್ಲ. ಸರಕಾರದ ಸಂಬಳ ತಿನ್ನುವವನೂ ಅಲ್ಲ. ಆದರೆ ಅವನು ಬಂದುದು ಇಂಗ್ಲಿಷರ ಕಾಯಿದೆಯ ಬಲದಿಂದ, ಬಾಳಿದುದು ಅವರ ರಕ್ಷಣೆಯಲ್ಲಿ. ಕತ್ತಿಯನ್ನು ಕಸಿದುಕೊಂಡವನೂ ಗ್ರಂಥವನ್ನು ಕೊಡಬಂದವನೂ ಒಂದೇ ಬಣ್ಣದವರಾಗಿ ಹಳ್ಳಿಗನಿಗೆ ತೋರಿದ್ದರೆ ಅದು ಹಳ್ಳಿಗನ ತಪ್ಪಲ್ಲ.

ಎಲ್ಲಕ್ಕಿಂತ ಆಳವಾದ ಸೋಲು ಮಾತಿನದು. ಪಾಪ, ಭಕ್ತಿ, ಗುರು, ಪ್ರಸಾದ, ಮುಕ್ತಿ ಇವು ತರುಣನಿಗೆ ಬೇಕಾದ ಪದಗಳು. ಆದರೆ ಒಂದೊಂದೂ ಶತಮಾನಗಳ ಅರ್ಥದಿಂದ ಆಗಲೇ ತುಂಬಿದ್ದುವು. ಒಂದು ಉದಾಹರಣೆಯನ್ನು ನೋಡಬಹುದು. ಮನುಷ್ಯನು ಹೊಸದಾಗಿ ಹುಟ್ಟಬೇಕೆಂಬುದು ಕ್ರೈಸ್ತಧರ್ಮದ ಒಂದು ಮೂಲೋಪದೇಶ. ಅದನ್ನು ಪುನರ್ಜನ್ಮವೆಂದು ಹೇಳಿದರೆ ಕೇಳುವವನು ಥಟ್ಟನೆ ತಲೆದೂಗುವನು, ಏಕೆಂದರೆ ಆ ಮಾತು ಅವನಿಗೆ ಹಳೆಯದು. ಆದರೆ ಅವನು ತಿಳಿದ ಅರ್ಥವು ಹೇಳಿದವನ ಅರ್ಥಕ್ಕೆ ನೇರವಾದ ವಿರೋಧ. ಅವನು ಬಿಡುಗಡೆ ಬೇಡುವುದು ಯಾವುದರಿಂದಲೋ ಅದನ್ನೇ ಇವನು ವರವೆಂದು ಕೊಡುತ್ತಿರುವನು. ಒಪ್ಪಿಗೆಯೇ ಇಲ್ಲಿ ತಪ್ಪುತಿಳಿವಳಿಕೆ. ಇಂಥ ಕಡೆ ಪದವನ್ನು ಬದಲಾಯಿಸುವುದಕ್ಕೆ ಮೊದಲು ಪದದ ಚರಿತ್ರೆಯನ್ನು ತಿಳಿಯಬೇಕಾಗುತ್ತದೆ. ಬಸವಣ್ಣನವರ ಹೆಸರನ್ನೂ ದಾಸರ ಪದಗಳನ್ನೂ ಕೇಳುತ್ತ ಬೆಳೆದ ಜನರೊಡನೆ ಮಾತಾಡಹೊರಟವನು ಆ ಪುರಾಣವನ್ನೂ ಆ ಪದಗಳನ್ನೂ ಓದದೆ ಒಂದು ಹೆಜ್ಜೆಯನ್ನೂ ಇಡಲಾರನು.

೫

ಕನ್ನಡ ಸಾಹಿತ್ಯದ ಚರಿತ್ರೆಗೆ ಈ ದಿನಚರಿಯ ಸಂಬಂಧವು ಇಲ್ಲಿಯೇ ತೊಡಗುವುದು. ಮೋಗ್ಲಿಂಗರು ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ೧೮೪೮ರಿಂದ ಮುಂದೆ, ನೀಲಗಿರಿಯಲ್ಲಿ ನೆಲಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರರ ಧನಸಹಾಯದಿಂದ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಅಚ್ಚುಹಾಕಿಸಿದರು. ೧೮೪೦ರಲ್ಲಿ ಬಂದು ಬೈಬಲಿನ ಕನ್ನಡವನ್ನು ತಿದ್ದುವುದರಲ್ಲಿ ದುಡಿದ ವೈಗ್ಲೆಯವರು ಕನ್ನಡ ಭಾಷೆ–ಸಾಹಿತ್ಯಗಳನ್ನು ಕುರಿತು ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಬರೆದು, ನಾಲ್ವತ್ತು ತುಂಬುವ ಮೊದಲೇ ೧೮೫೫ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ಕಡೆ ದುಡಿದ ವುರ್ತರು ಬಸವಪುರಾಣ, ಚೆನ್ನಬಸವಪುರಾಣಗಳ ಇಂಗ್ಲಿಷ್ ಅನುವಾದವನ್ನು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಕೊಟ್ಟರು. ೧೮೬೮ರಲ್ಲಿ ‘ಪ್ರಾಕ್ಕಾವ್ಯಮಾಲಿಕೆ’ ಎಂಬ ಕಾವ್ಯಸಂಕಲನವನ್ನು ಹೊರತಂದರು. ಸಂತೆಯ ಕಟ್ಟೆಯ ಮೇಲೆ ವಾದಮಾಡಲು ಓದತೊಡಗಿದ ಪುರಾಣವು ಹೀಗೆ ವಿದ್ವತ್ತಿನ ವಿಷಯವಾಯಿತು.

ಕಿಟ್ಟೆಲರ ಉದಾಹರಣೆಯು ಇನ್ನೂ ಸ್ಪಷ್ಟವಾಗಿದೆ. ಧಾರವಾಡ, ಹುಬ್ಬಳ್ಳಿಗಳ ಕಡೆಯಲ್ಲಿ ಕಳೆದ ಮೊದಲ ವರ್ಷಗಳಲ್ಲಿ, ಹಿಂದೂಗಳ ನಡುವೆ ಹಿಂದೂವಿನಂತೆಯೇ ಬಾಳಬೇಕು, ಬಂಗಲೆಯ ಬಾಳು ಜನರಿಂದ ದೂರಮಾಡುವುದು ಎಂಬ ಭಾವನೆಯು ಅವರಲ್ಲಿ ಬಲವಾಗಿದ್ದಿತು. ಹಿರಿಯರಿಗೂ ಸಮಿತಿಗೂ ಇದು ಹಿಡಿಸಲಿಲ್ಲ. ವಿಧೇಯತೆಯನ್ನೇ ಮೊದಲ ಗುಣವೆಂದೆಣಿಸಿದ ಸಂಸ್ಥೆಯಲ್ಲಿ ತನ್ನ ದಾರಿಯನ್ನು ತಾನೇ ಹುಡುಕುವ ಕಿರಿಯನು ಸಂಶಯಕ್ಕೆ ಗುರಿಯಾದನು. ಉಪದೇಶದ ಕ್ಷೇತ್ರದಲ್ಲಿ ಅವರಿಗೆ ದೊರೆಯದ ಎಡೆಯು ಅಕ್ಷರದ ಕ್ಷೇತ್ರದಲ್ಲಿ ದೊರೆಯಿತು. ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ರಚಿಸಿದರು; ಅಂದರೆ ಕೇಳುವವನ ಕಿವಿಗೆ ಒಗ್ಗಿದ ರೂಪವನ್ನು ಹೇಳುವವನು ಕಲಿತನು. ಛಂದಸ್ಸಿನ ಈ ಅಭ್ಯಾಸವು ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯ ಸಂಪಾದನೆಗೂ, ವ್ಯಾಕರಣದ ಅಭ್ಯಾಸವು ೧೮೭೨ರಲ್ಲಿ ಶಬ್ದಮಣಿದರ್ಪಣದ ಸಂಪಾದನೆಗೂ ನೆರವಾಯಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು ೭೦,೦೦೦ ಪದಗಳ ನಿಘಂಟು ಈ ಎಲ್ಲ ದಿನಗಳ ಮೊತ್ತ.

ಆ ನಿಘಂಟನ್ನು ತೆರೆದು ನೋಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಕಾವ್ಯಗಳಿಂದ ಎತ್ತಿದ ಪದಗಳ ಪಕ್ಕದಲ್ಲಿಯೇ ಗಾದೆಗಳು ಹೇರಳವಾಗಿವೆ. ಅನೇಕ ಪದಗಳ ಮುಂದೆ ಅವು ದಕ್ಷಿಣ ಮರಾಠಾ ಸೀಮೆಯ ರೂಢಿಯೆಂಬ ಸಂಕೇತವಿದೆ. ಪಂಪ, ಕೇಶಿರಾಜರ ನುಡಿಗೆ ಎಷ್ಟು ಮರ್ಯಾದೆಯೋ ಹೊಲದ, ಮಗ್ಗದ, ಅಡಿಗೆಮನೆಯ ನುಡಿಗೂ ಅಷ್ಟೇ ಮರ್ಯಾದೆ. ಕಚೇರಿಯು ಮರಾಠಿಯ ಸೀಮೆಯೆಂದ ನಾಡಿನ ಆಡುಮಾತು ಕನ್ನಡವೆಂಬುದಕ್ಕೆ ಆ ಸಂಕೇತವೇ ಸಾಕ್ಷಿ. ಪುಸ್ತಕದ ಕೋಣೆಯಲ್ಲಿ ಕುಳಿತವನೊಬ್ಬನಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಓಣಿಯಲ್ಲಿ ನಿಂತು ತಿಳಿಯದ ಮಾತನ್ನು ಮತ್ತೆ ಕೇಳಿದವರ ದಿನಚರಿಯು ಅದರ ಹಿಂದಿದೆ.

೬

ಆದರೆ ಲಾಭದ ಲೆಕ್ಕವನ್ನು ಬರೆಯುವಾಗ ತೆತ್ತವರ ಹೆಸರನ್ನು ಬಿಡಬಾರದು. ಮದುವೆಯ ಅಪ್ಪಣೆ ದೊರೆತ ಮಿಶನರಿಗೆ ವಧುವನ್ನು ಸಮಿತಿಯ ಮೂಲಕವೇ ಗೊತ್ತುಮಾಡಿ ಕಳುಹಿಸುವುದಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ಕಾಣದ ವರನಿಗಾಗಿ ಸಮುದ್ರವನ್ನು ದಾಟಿ ಬಂದರು. ಅವರು ಹುಡುಗಿಯರಿಗೆ ಓದು–ಹೊಲಿಗೆಗಳನ್ನು ಕಲಿಸಿದರು, ರೋಗಿಗಳನ್ನು ನೋಡಿಕೊಂಡರು, ಮಕ್ಕಳನ್ನು ಹೆತ್ತು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳುಹಿಸಿ ಅಗಲಿಕೆಯನ್ನು ಸಹಿಸಿದರು. ೧೮೬೦ರಲ್ಲಿ ಕಿಟ್ಟೆಲರ ಕೈಹಿಡಿದ ಪೌಲಿನ ಐತ್ ಅವರು ನಾಲ್ಕು ವರ್ಷಗಳಲ್ಲಿ ತೀರಿಕೊಂಡರು; ಅವರ ತಂಗಿ ಯೂಲಿಯವರು ೧೮೬೭ರಲ್ಲಿ ಅದೇ ಮನೆಗೆ ಬಂದರು.

ಮತ್ತೊಬ್ಬನು ಮುನ್ಶಿ. ದಿನವೂ ಬೆಳಗ್ಗೆ ಬಂದು, ತಪ್ಪು ಉಚ್ಚಾರವನ್ನು ತಾಳ್ಮೆಯಿಂದ ತಿದ್ದಿ, ಗಾದೆಯ ಒಳಮಾತನ್ನು ಬಿಡಿಸಿ, ಓಲೆಯ ಗ್ರಂಥವನ್ನು ಓದಿ ಹೇಳಿದವನು ಅವನು. ತನ್ನ ಧರ್ಮವನ್ನು ಖಂಡಿಸಲು ಬಂದವನಿಗೆ ತನ್ನ ನುಡಿಯ ಬೀಗದ ಕೈಯನ್ನು ಒಪ್ಪಿಸುತ್ತಿರುವೆನೆಂಬುದು ಅವನಿಗೆ ತಿಳಿಯದಿರಲಿಲ್ಲ. ಆದರೂ ಕಲಿಸಿದನು. ಕೂಲಿಗಾಗಿ ಕಲಿಸಿದನೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಕೂಲಿಯಿಂದ ಅಕ್ಷರವನ್ನು ಕೊಳ್ಳಬಹುದು, ಪದದ ರುಚಿಯನ್ನು ಕೊಳ್ಳಲಾಗದು. ನಿಘಂಟಿನ ಮುಖಪತ್ರದ ಮೇಲೆ ಒಬ್ಬರ ಹೆಸರಿದೆ. ಅದರ ಕೆಳಗೆ ಕಣ್ಣಿಗೆ ಕಾಣದ ಹೆಸರುಗಳು ಹಲವಿವೆಯೆಂಬುದನ್ನು ತರಗತಿಯಲ್ಲಿ ಪಾಠ ಹೇಳುವ ನಾವು ಮರೆಯಬಾರದು.

ಹಾಗೆಯೇ ವರದಿಗಳನ್ನು ಓದುವಾಗ ಎಚ್ಚರವಿರಬೇಕು. ಅವು ದೂರದ ದಾನಿಗಳ ಕಣ್ಣಿಗೆ ಬರೆದುವು. ನಮ್ಮ ದೇವತೆಗಳನ್ನೂ ನಡೆವಳಿಗಳನ್ನೂ ಕುರಿತು ಅವುಗಳಲ್ಲಿರುವ ಕಟುವಾದ ಮಾತುಗಳನ್ನು ಸಾಕ್ಷ್ಯವೆಂದು ಒಪ್ಪುವಂತಿಲ್ಲ. ಕಟುವಾಗಿವೆಯೆಂದು ಎಸೆಯುವಂತೆಯೂ ಇಲ್ಲ. ಮಳೆ, ಬೆಲೆ, ರೋಗ, ಶಾಲೆ, ದಾರಿ, ಮಗ್ಗ ಇವುಗಳ ವಿಷಯದಲ್ಲಿ ದಿನದ ಕೊನೆಗೆ ದಣಿದು ಬರೆದ ಒಂದು ಸಾಲು, ವಾದಕ್ಕಾಗಿ ಬರೆದ ಹತ್ತು ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಬಾಸೆಲಿನ ಭಂಡಾರದಲ್ಲಿ ಈ ಕಾಗದಗಳು ಇಂದಿಗೂ ಸುರಕ್ಷಿತವಾಗಿವೆ. ಹಳೆಯ ಜರ್ಮನ್ ಬರವಣಿಗೆಯನ್ನೋದಬಲ್ಲ ಕನ್ನಡಿಗರು ಕೆಲವರಾದರೂ ಅವುಗಳಿಂದ ಕಲಾದಗಿ, ಧಾರವಾಡ ಜಿಲ್ಲೆಗಳ ಜನಜೀವನದ ಚರಿತ್ರೆಯನ್ನು ತೆಗೆದು ಕೊಡಬೇಕಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಬಂಧಿತರಾಗಿ ಊರಿಗೆ ಕಳುಹಿಸಲ್ಪಟ್ಟರು. ಎಂಬತ್ತು ವರ್ಷ ನಡೆದ ಆ ದಿನಚರಿಯ ಹಳೆಯ ರೂಪವು ಅಲ್ಲಿಗೆ ಮುಗಿಯಿತು. ಆದರೆ ಅದರ ಕೊನೆಯ ಫಲವು ಬಾಸೆಲಿನವರು ಎಣಿಸಿದುದಲ್ಲ. ಆ ಮಿಶನಿನ ಸಭೆಯಲ್ಲಿಯೇ ಹುಟ್ಟಿ ಬೆಳೆದು ಪಾದ್ರಿಯಾದ ಉತ್ತಂಗಿ ಚೆನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕನ್ನಡಿಗರು ಅವರನ್ನು ಸಾಹಿತ್ಯಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು. ಹೇಳಲು ಬಂದವರು ಕೇಳಲು ಕಲಿತರು. ಕೇಳುವುದನ್ನು ಕಲಿತ ಮನೆಯಲ್ಲಿ ಸರ್ವಜ್ಞನಿಗೆ ಸಂಪಾದಕನು ಹುಟ್ಟಿದನು. ಗುಳೇದಗುಡ್ಡದ ದಾರಿಯಲ್ಲಿ ನಡೆದ ಆ ತರುಣರ ದಿನಗಳಿಗೆ ನಾವು ಕೊಡಬಹುದಾದ ಬೆಲೆಯನ್ನು ಈ ಒಂದು ಸಂಗತಿಯಿಂದಲೇ ನಿರ್ಣಯಿಸಬಹುದಾಗಿದೆ.